ಲೈಬ್ರರಿಯಲ್ಲಿ ಭಾಗ ಇದೆ, ಹುಡುಕಿದರೆ ಸಿಗುವುದಿಲ್ಲ

ಪ್ರಶ್ನೆ: ನಾವು ಮೂವರು ಸೇರಿ ಸಣ್ಣ ಪ್ರಮಾಣದಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ವಿನ್ಯಾಸ ಮಾಡಿಕೊಡುತ್ತೇವೆ. ಬಳಸುವುದು ಕಿಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶ. ಬೇಕಾದ ಭಾಗಗಳನ್ನು ಅದರ ಲೈಬ್ರರಿಯಿಂದ, ಅಂದರೆ ಭಾಗಗಳ ಚಿತ್ರ ಮತ್ತು ವಿವರಗಳ ಸಂಗ್ರಹದಿಂದ, ಆರಿಸಿಕೊಳ್ಳುತ್ತೇವೆ. ಖರೀದಿ ಪಟ್ಟಿಯಲ್ಲಿ ಎಲ್‌ಎಂ358ಡಿಆರ್ ಎಂಬ ಐಸಿ (ಚಿಪ್) ಇರುತ್ತದೆ. ಅದನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಬರೆದರೆ ಏನೂ ಬರುವುದಿಲ್ಲ. ಸಿಗದಿದ್ದಾಗಲೆಲ್ಲ ನಾವೇ ಬರೆದುಕೊಂಡೆವು, ಇಲ್ಲವೇ ಎಲ್ಲಿಂದಲೋ ಇಳಿಸಿಕೊಂಡೆವು. ಈಗ ‘ನಮ್ಮದು’, ‘ಹೊಸದು’, ‘ಫೈನಲ್’, ‘ಫೈನಲ್2’ ಎಂದು ನಾಲ್ಕು ಲೈಬ್ರರಿಗಳಾಗಿವೆ. ಒಂದೇ ಐಸಿ ಮೂರು ಕಡೆ ಇದೆ, ಮೂರೂ ಒಂದೇ ರೀತಿ ಇಲ್ಲ. ಹಿಂದಿನ ಬೋರ್ಡಿನಲ್ಲಿ ಬಿಸಿ547 ಟ್ರಾನ್ಸಿಸ್ಟರ್ ಹಾಕಿದಾಗ ಎಲ್‌ಇಡಿ ಮಂಕಾಗಿ ಉರಿಯಿತು. ಅದರ ಎಮಿಟರ್, ಕಲೆಕ್ಟರ್ ಕಾಲುಗಳು ಅದಲುಬದಲಾಗಿವೆ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಎಲ್ಲವನ್ನೂ ತಯಾರಕರ ಹೆಸರಿನ ಪ್ರಕಾರ ವಿಂಗಡಿಸೋಣ ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ಒಂದೇ ಲೈಬ್ರರಿಗೆ ಸುರಿಯೋಣ ಎನ್ನುತ್ತಾರೆ ಇನ್ನೊಬ್ಬರು. ಇಳಿಸಿಕೊಂಡ ಭಾಗಗಳನ್ನು ನಂಬಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಿಗುವುದಿಲ್ಲ, ಸಿಕ್ಕರೆ ಮೂರು ಸಿಗುತ್ತವೆ, ಆರಿಸಿಕೊಂಡದ್ದು ತಪ್ಪಾಗಿರುತ್ತದೆ. ಈ ಮೂರು ದೂರುಗಳನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಮೊದಲ ಐದು ವರ್ಷ ನನ್ನ ಬಾಯಿಂದಲೇ ಕೇಳಿದ್ದೇನೆ. ಮೂರಕ್ಕೂ ಬೇರು ಒಂದೇ: ಲೈಬ್ರರಿ ಎಂದರೆ ಬಿಡಿಭಾಗಗಳ ಕಪಾಟು ಎಂಬ ಭಾವನೆ. ಕಪಾಟಿನಲ್ಲಿ ವಸ್ತು ಇರುತ್ತದೆ, ಅದಕ್ಕೆ ತಯಾರಕರೇ ಅಂಟಿಸಿದ ಚೀಟಿ ಇರುತ್ತದೆ. ಲೈಬ್ರರಿಯಲ್ಲಿರುವುದು ಬರಿಯ ಹೇಳಿಕೆಗಳು. ‘ಈ ಐಸಿಯ ನಾಲ್ಕನೇ ಕಾಲು ನೆಗೆಟಿವ್ ಸಪ್ಲೈ’, ‘ಈ ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಜಾಗ) ಇಷ್ಟು ಅಗಲ’ ಎಂದು ಯಾರೋ ಒಬ್ಬರು ಡೇಟಾಶೀಟ್ (ತಯಾರಕರ ವಿವರಪತ್ರ) ಓದಿ ಬರೆದಿಟ್ಟದ್ದು. ಅವರು ಇಟ್ಟ ಹೆಸರಿನಿಂದಲೇ ಅದನ್ನು ಹುಡುಕಬೇಕು. ಅವರು ಸರಿಯಾಗಿ ಓದಿದ್ದರೋ ಇಲ್ಲವೋ ಎಂಬುದನ್ನು ಮಾತ್ರ ನಾವು ನೋಡಿಕೊಳ್ಳಬೇಕು.

ಮೊದಲು ಹುಡುಕಾಟದ ವಿಷಯ ಮುಗಿಸೋಣ.

ಎಲ್‌ಎಂ358ಡಿಆರ್ ಎಂಬುದನ್ನು ಒಡೆದು ನೋಡಿ. ಎಲ್‌ಎಂ ಎಂಬುದು ನ್ಯಾಷನಲ್ ಸೆಮಿಕಂಡಕ್ಟರ್ ಕಾಲದಿಂದ ಬಂದ ಅಕ್ಷರಗಳು, 358 ಐಸಿಯ ಮೂಲ ಸಂಖ್ಯೆ. ಅದರ ನಂತರದ ಡಿ ಎಂದರೆ ಎಸ್‌ಒಐಸಿ ಎಂಬ ಪ್ಯಾಕೇಜು, ಅಂದರೆ ಚಿಪ್ಪಿನ ಹೊರಕವಚದ ಬಗೆ. ಕೊನೆಯ ಆರ್ ಎಂದರೆ ಸುರುಳಿಯಲ್ಲಿ ಸುತ್ತಿ ಬರುತ್ತದೆ ಎಂದು. ಸುರುಳಿಯಲ್ಲಿ ಬರಲಿ, ಕೊಳವೆಯಲ್ಲಿ ಬರಲಿ, ಸರ್ಕ್ಯೂಟ್ ಚಿತ್ರದಲ್ಲಿ ಅದು ಅದೇ ತ್ರಿಕೋನ, ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಎಂಬುದರ ಗುರುತು. ಹಾಗಾಗಿ ಲೈಬ್ರರಿ ಬರೆದವರು ಎಲ್‌ಎಂ358 ಎಂಬಲ್ಲಿಗೆ ನಿಲ್ಲಿಸಿದ್ದಾರೆ. ನೀವು ಎರಡು ಅಕ್ಷರ ಹೆಚ್ಚಿಗೆ ಬರೆದಿರಿ, ಪಟ್ಟಿ ಖಾಲಿಯಾಯಿತು. ಖರೀದಿ ಸಂಖ್ಯೆಯನ್ನು ಬರೆದು ಏನೂ ಬಾರದಿದ್ದರೆ ಬಾಲದ ಕಡೆಯಿಂದ ಒಂದೊಂದೇ ಅಕ್ಷರ ಅಳಿಸುತ್ತಾ ಬನ್ನಿ. ಹತ್ತರಲ್ಲಿ ಏಳೆಂಟು ಸಲ ಅಷ್ಟೇ ಸಾಕು.

ಆದರೆ ಬಾಲವೆಲ್ಲ ಪ್ಯಾಕಿಂಗ್ ವಿಷಯ ಎಂದುಕೊಂಡರೆ ಕೈ ಸುಡುತ್ತದೆ. ಎಟಿಮೆಗಾ328ಪಿ-ಪಿಯು ಮತ್ತು ಎಟಿಮೆಗಾ328ಪಿ-ಎಯು ಎಂಬ ಎರಡನ್ನು ತೆಗೆದುಕೊಳ್ಳಿ. ಅಡ್ಡಗೆರೆಯ ನಂತರದ ಎರಡಕ್ಷರ ಪ್ಯಾಕೇಜನ್ನು ಹೇಳುತ್ತವೆ: ಮೊದಲನೆಯದು 28 ಕಾಲಿನ ಡಿಐಪಿ, ಎರಡನೆಯದು 32 ಕಾಲಿನ ಚಪ್ಪಟೆ ಟಿಕ್ಯುಎಫ್‌ಪಿ. ಡಿಐಪಿಯ ಮೊದಲನೇ ಕಾಲು ರೀಸೆಟ್. ಟಿಕ್ಯುಎಫ್‌ಪಿಯ ಮೊದಲನೇ ಕಾಲು ಪಿಡಿ3. ಒಳಗಿರುವ ಚಿಪ್ ಒಂದೇ ಆದರೂ ಕಾಲುಗಳ ಲೆಕ್ಕ ಬೇರೆ, ಆದ್ದರಿಂದ ಸಿಂಬಲ್ (ಸರ್ಕ್ಯೂಟ್ ಚಿತ್ರದಲ್ಲಿ ಭಾಗದ ಗುರುತು) ಕೂಡ ಬೇರೆಯೇ ಬೇಕು. 328ರ ನಂತರದ ಪಿ ಅಕ್ಷರವಂತೂ ಪ್ಯಾಕೇಜಿಗೆ ಸೇರಿದ್ದೇ ಅಲ್ಲ, ಚಿಪ್ಪಿನ ಹೆಸರಿಗೇ ಸೇರಿದ್ದು. ಅಕ್ಷರ ಅಳಿಸುವ ಮುನ್ನ ಡೇಟಾಶೀಟಿನ ಕೊನೆಯ ಪುಟಗಳಲ್ಲಿರುವ ಆರ್ಡರ್ ಮಾಹಿತಿಯ ಕೋಷ್ಟಕದ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಸಂಖ್ಯೆಯನ್ನು ಬಿಟ್ಟು ಕೆಲಸದಿಂದ ಹುಡುಕುವುದು ಇನ್ನೂ ಒಳ್ಳೆಯ ದಾರಿ. ಕಿಕ್ಯಾಡ್ ಹೆಸರನ್ನು ಮಾತ್ರವಲ್ಲ, ವಿವರಣೆ ಮತ್ತು ಕೀವರ್ಡುಗಳನ್ನೂ ನೋಡುತ್ತದೆ. ‘ಡ್ಯುಯಲ್ ಆಪ್‌ಆಂಪ್’ ಎಂದು ಎರಡು ಪದ ಬರೆದರೆ ಎಲ್‌ಎಂ358, ಟಿಎಲ್072 ಮೊದಲಾದ ಇಡೀ ಬಳಗ ಎದುರು ನಿಲ್ಲುತ್ತದೆ. ಆಗ ಒಂದು ವಿಷಯ ಗಮನಕ್ಕೆ ಬರುತ್ತದೆ: ಎಂಟು ಕಾಲಿನ ಡ್ಯುಯಲ್ ಆಪ್‌ಆಂಪ್‌ಗಳಲ್ಲಿ ಬಹುಪಾಲು ಕಾಲಿಗೆ ಕಾಲು ಒಂದೇ. ನಿಮಗೆ ಬೇಕಾದ ಹೆಸರು ಇಲ್ಲದಿದ್ದರೂ ಅದರ ಅಣ್ಣನೋ ತಮ್ಮನೋ ಇರುತ್ತದೆ. ಅದನ್ನು ಆಧಾರವಾಗಿಟ್ಟು ಹೊಸ ಹೆಸರಿನ ಸಿಂಬಲ್ ಮಾಡುವ ಸೌಲಭ್ಯ ಕಿಕ್ಯಾಡಿನಲ್ಲೇ ಇದೆ. ಚಿತ್ರ ಒಂದು, ಹೆಸರು ಹಲವು. ಕಾಲುಗಳನ್ನು ಮೊದಲಿನಿಂದ ಬಿಡಿಸುವ ಕೆಲಸ ಬೇಕಾಗುವುದಿಲ್ಲ, ಬಿಡಿಸುವಾಗ ಆಗುವ ತಪ್ಪೂ ಆಗುವುದಿಲ್ಲ.

(ಈಗಲ್ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶ ಬಳಸಿದವರಿಗೆ ಬೇರೆ ಗೋಳಿತ್ತು. ಹುಡುಕುವ ಪದದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕದಿದ್ದರೆ ಎದುರಿಗಿದ್ದದ್ದೂ ಕಾಣುತ್ತಿರಲಿಲ್ಲ. 74ಎಲ್‌ಎಸ್00 ಅಲ್ಲಿ 74*00 ಎಂಬ ಹೆಸರಿನಲ್ಲಿ ಕೂತಿರುತ್ತಿತ್ತು. ನಡುವಿನ ನಕ್ಷತ್ರ ಎಲ್‌ಎಸ್, ಎಚ್‌ಸಿ ಮುಂತಾದ ಎಲ್ಲ ಬಗೆಗಳಿಗೂ ಕಾದಿರಿಸಿದ ಜಾಗ. ಗೊತ್ತಿದ್ದವರಿಗೆ ಜಾಣತನ, ಗೊತ್ತಿಲ್ಲದವರಿಗೆ ತಲೆನೋವು.)

ನಿಮ್ಮಲ್ಲಿ ಒಂದೇ ಐಸಿ ಮೂರು ಕಡೆ ಇರುವುದಕ್ಕೆ ಇನ್ನೊಂದು ಕಾರಣವನ್ನು ಊಹಿಸಬಲ್ಲೆ. ಎಲ್‌ಎಂ358 ಕಿಕ್ಯಾಡಿನಲ್ಲಿ ಮೂರು ತುಂಡುಗಳಾಗಿ ಬರುತ್ತದೆ. ಎ ಮತ್ತು ಬಿ ಎರಡು ತ್ರಿಕೋನಗಳು. ಸಿ ಎಂಬ ಮೂರನೆಯದರಲ್ಲಿ 4 ಮತ್ತು 8ನೇ ಕಾಲು, ಅಂದರೆ ಸಪ್ಲೈ ಮಾತ್ರ. ತ್ರಿಕೋನ ಒಂದನ್ನು ಹಾಕಿ ‘ಇದಕ್ಕೆ ಸಪ್ಲೈ ಕಾಲುಗಳೇ ಇಲ್ಲವಲ್ಲ’ ಎಂದುಕೊಂಡು ಹೊಸದಾಗಿ ಎಂಟು ಕಾಲಿನ ಪೆಟ್ಟಿಗೆಯೊಂದನ್ನು ಬಿಡಿಸಿದವರನ್ನು ನಾನು ಬಲ್ಲೆ. ನಿಮ್ಮ ‘ಹೊಸದು’ ಲೈಬ್ರರಿಯನ್ನು ತೆರೆದರೆ ಅಂಥದ್ದೊಂದು ಪೆಟ್ಟಿಗೆ ಸಿಗದೇ ಇರದು.

ಇನ್ನು ಬಿಸಿ547.

ಆಗಿರುವುದು ಇಷ್ಟೇ ಎಂದು ಕಾಣುತ್ತದೆ: ಯಾರೋ 2ಎನ್3904 ಎಂಬ ಇನ್ನೊಂದು ಟ್ರಾನ್ಸಿಸ್ಟರಿಗೆ ಬಳಸಿದ್ದ ಎನ್‌ಪಿಎನ್ ಸಿಂಬಲನ್ನು ತೆಗೆದುಕೊಂಡು, ಅದರ ಪಕ್ಕದ ಬರಹವನ್ನು ಮಾತ್ರ ಬಿಸಿ547 ಎಂದು ಬದಲಾಯಿಸಿದ್ದಾರೆ. ಎರಡೂ ಒಂದೇ ಟಿಒ-92 ಪ್ಯಾಕೇಜು, ಎರಡೂ ಮೂರು ಕಾಲಿನ ಕಪ್ಪು ಗುಂಡಿ. ಚಪ್ಪಟೆ ಮುಖವನ್ನು ನಿಮ್ಮ ಕಡೆ ತಿರುಗಿಸಿ, ಕಾಲುಗಳನ್ನು ಕೆಳಗೆ ಮಾಡಿ ಹಿಡಿದರೆ 2ಎನ್3904ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಬೇಸ್ ನಡುವೆಯೇ ಇರುವುದರಿಂದ ತಿರುವುಮುರುವಾದ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ, ತೀರ ಕಡಿಮೆ ಗೇನಿನಲ್ಲಿ (ವರ್ಧನೆಯಲ್ಲಿ) ಕುಂಟುತ್ತಾ ನಡೆಯುತ್ತದೆ. ನಿಮ್ಮ ಎಲ್‌ಇಡಿ ಆರದೆ ಮಂಕಾದದ್ದು ಇದರಿಂದ, ಎರಡು ದಿನ ಹಿಡಿದದ್ದೂ ಇದರಿಂದಲೇ. ಪೂರ್ತಿ ಆರಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿತ್ತು.

ಕಿಕ್ಯಾಡಿನ ಸಾಮಾನ್ಯ ಟ್ರಾನ್ಸಿಸ್ಟರ್ ಸಿಂಬಲುಗಳ ಹೆಸರಿನ ಕೊನೆಯಲ್ಲಿ ಇಬಿಸಿ, ಸಿಬಿಇ, ಬಿಇಸಿ ಎಂಬ ಮೂರಕ್ಷರಗಳಿರುವುದನ್ನು ನೋಡಿರಬಹುದು. ಅವು ಕಾಲುಗಳ ಕ್ರಮ. ಹೊಸಬರು ಅವುಗಳಲ್ಲಿ ಮೊದಲು ಕಂಡದ್ದನ್ನು ಆರಿಸುತ್ತಾರೆ, ಏಕೆಂದರೆ ಚಿತ್ರ ಎಲ್ಲದರಲ್ಲೂ ಒಂದೇ. ಸಂಬಂಧಿಕರಂತೆ ಕಾಣುವ ಭಾಗಗಳೇ ಹೆಚ್ಚು ಅಪಾಯಕಾರಿ. ಟಿಒ-220 ಪ್ಯಾಕೇಜಿನ 7805 ರೆಗ್ಯುಲೇಟರಿನಲ್ಲಿ (ವೋಲ್ಟೇಜನ್ನು ಸ್ಥಿರವಾಗಿಡುವ ಐಸಿ) ಮೊದಲ ಕಾಲು ಇನ್‌ಪುಟ್, ಮೂರನೆಯದು ಔಟ್‌ಪುಟ್. ಅದೇ ಐದು ವೋಲ್ಟಿನ, ಟಿಒ-92ರಲ್ಲಿ ಬರುವ ಪುಟ್ಟ 78ಎಲ್05ರಲ್ಲಿ ಮೊದಲ ಕಾಲು ಔಟ್‌ಪುಟ್, ಮೂರನೆಯದು ಇನ್‌ಪುಟ್. 7905ಕ್ಕೆ ಬಂದರೆ ಮೊದಲ ಕಾಲು ಗ್ರೌಂಡ್. ಹೆಸರು ನೋಡಿ ಇವು ಒಂದೇ ಮನೆಯವು ಎಂದುಕೊಂಡು ಸಿಂಬಲ್ ನಕಲು ಮಾಡಿದರೆ ಹೊಗೆ ಬರುವುದು ಖಚಿತ.

ಸಿಂಬಲ್ ಸರಿಯಿದ್ದರೂ ಫುಟ್‌ಪ್ರಿಂಟ್, ಅಂದರೆ ಬೋರ್ಡಿನ ಮೇಲೆ ಭಾಗ ಕೂರುವ ಪ್ಯಾಡುಗಳ ನಕ್ಷೆ, ಕೈಕೊಡಬಹುದು. ಇದಕ್ಕೆ ನನ್ನದೇ ಅವಮಾನದ ಕಥೆಯಿದೆ. ಅರವತ್ತು ಬೋರ್ಡುಗಳ ಒಂದು ಕೆಲಸಕ್ಕೆ ಸೀರಿಯಲ್ ಫ್ಲ್ಯಾಶ್ ಮೆಮೊರಿ ಬೇಕಿತ್ತು. ನನ್ನ ಹಳೆಯ ಲೈಬ್ರರಿಯಲ್ಲಿ ‘ಎಸ್‌ಒ8’ ಎಂಬ ಫುಟ್‌ಪ್ರಿಂಟ್ ಇತ್ತು, ಮೆಮೊರಿಗೂ ಎಂಟು ಕಾಲು, ಕಾಲುಗಳ ನಡುವಿನ ಅಂತರವೂ 1.27 ಮಿಲಿಮೀಟರ್. ಹಾಕಿದೆ. ಬೋರ್ಡುಗಳು ಬಂದ ಮೇಲೆ ಐಸಿ ಇಟ್ಟರೆ ಕಾಲುಗಳು ಪ್ಯಾಡಿನ ಹೊರಗೆ ನಿಂತಿದ್ದವು. ನನ್ನ ಎಸ್‌ಒ8 ಮೈ ಅಗಲ 3.9 ಮಿಲಿಮೀಟರಿನ ಸಣ್ಣ ಪ್ಯಾಕೇಜಿನದು, ಕಾಲ ತುದಿಯಿಂದ ಕಾಲ ತುದಿಗೆ 6 ಮಿಲಿಮೀಟರ್. ಬಂದಿದ್ದ ಮೆಮೊರಿ ಅಗಲ ಮೈಯದು, ತುದಿಯಿಂದ ತುದಿಗೆ ಸುಮಾರು 7.9. ಅರವತ್ತು ಐಸಿಗಳ ಕಾಲುಗಳನ್ನು ಚಿಮಟದಿಂದ ಒಳಕ್ಕೆ ಬಗ್ಗಿಸಿ ಬೆಸುಗೆ ಹಾಕಿದ್ದೇನೆ. ಆ ಬೋರ್ಡುಗಳು ಕೆಲಸ ಮಾಡಿದವು, ನೋಡಲು ಮಾತ್ರ ಚೆನ್ನಾಗಿರಲಿಲ್ಲ. ಫುಟ್‌ಪ್ರಿಂಟ್ ತಪ್ಪಾಗಿರಲಿಲ್ಲ. ಹೆಸರು ಅರ್ಧ ಸತ್ಯ ಹೇಳುತ್ತಿತ್ತು. ಕಿಕ್ಯಾಡಿನ ಫುಟ್‌ಪ್ರಿಂಟ್ ಹೆಸರುಗಳು ಮೈಯಳತೆ, ಅಂತರ ಎಲ್ಲವನ್ನೂ ಸೇರಿಸಿಕೊಂಡು ಮೊಳದುದ್ದ ಇರುವುದನ್ನು ನೋಡಿ ಆಗ ನಗುತ್ತಿದ್ದೆ, ಈಗ ನಗುವುದಿಲ್ಲ.

ಆ ಉದ್ದನೆಯ ಹೆಸರನ್ನೂ ಪೂರ್ತಿ ಓದಬೇಕು. ರೆಸಿಸ್ಟರಿಗಾಗಿ 0603 ಎಂದು ಹುಡುಕಿ ನೋಡಿ. ಪಟ್ಟಿಯಲ್ಲಿ ‘ಆರ್_0201_0603ಮೆಟ್ರಿಕ್’ ಎಂಬುದೂ ಬರುತ್ತದೆ, ‘ಆರ್_0603_1608ಮೆಟ್ರಿಕ್’ ಎಂಬುದೂ ಬರುತ್ತದೆ. ಎಲ್ಲರೂ ವಾಡಿಕೆಯಲ್ಲಿ 0603 ಎನ್ನುವುದು ಇಂಚಿನ ಲೆಕ್ಕದ್ದು, 1.6 ಗುಣಿಸು 0.8 ಮಿಲಿಮೀಟರ್. ಮೆಟ್ರಿಕ್ 0603 ಎಂದರೆ 0.6 ಗುಣಿಸು 0.3 ಮಿಲಿಮೀಟರ್, ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣ್ಣದು. ಅಕ್ಷರ ಕ್ರಮದಲ್ಲಿ ಮೇಲೆ ಬರುವುದು ಸಣ್ಣದೇ.

ಈಗ ವಿಂಗಡಣೆಯ ಜಗಳ. ತಯಾರಕರ ಹೆಸರಿನ ಪ್ರಕಾರ ಜೋಡಿಸುವುದು ಬೇಡ, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಕಂಪನಿಗಳ ಹೆಸರು ನಿಲ್ಲುವುದಿಲ್ಲ. ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪಾಲಾಯಿತು. 2016ರಲ್ಲಿ ಆಟ್ಮೆಲ್ ಮೈಕ್ರೋಚಿಪ್‌ಗೆ ಸೇರಿತು, ಫೇರ್‌ಚೈಲ್ಡ್ ಆನ್ ಸೆಮಿಕಂಡಕ್ಟರ್‌ಗೆ ಸೇರಿತು. ಮರುವರ್ಷ ಲೀನಿಯರ್ ಟೆಕ್ನಾಲಜಿಯನ್ನು ಅನಲಾಗ್ ಡಿವೈಸಸ್ ಕೊಂಡಿತು. ಆಟ್ಮೆಲ್ ಎಂದು ಫೋಲ್ಡರ್ ಮಾಡಿದವರು ಈಗಲೂ ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಾರೆ. ಅಲ್ಲದೆ ಎಲ್‌ಎಂ358ನ್ನು ಒಂದಲ್ಲ, ಹಲವು ಕಂಪನಿಗಳು ತಯಾರಿಸುತ್ತವೆ. ಯಾರ ಮನೆಯಲ್ಲಿ ಇಡುತ್ತೀರಿ?

ಎಲ್ಲವನ್ನೂ ಒಂದೇ ಕಡೆ ಸುರಿಯುವ ಸಲಹೆ ಅಷ್ಟು ಕೆಟ್ಟದ್ದಲ್ಲ. ಹುಡುಕಾಟ ಚೆನ್ನಾಗಿದ್ದರೆ ಫೋಲ್ಡರ್ ಯಾರಿಗೂ ಬೇಕಿಲ್ಲ. ಆದರೆ ಕಿಕ್ಯಾಡಿನಲ್ಲಿ ಒಂದು ಸಿಂಬಲ್ ಲೈಬ್ರರಿ ಎಂದರೆ ಸಾಮಾನ್ಯವಾಗಿ ಒಂದೇ ಕಡತ. ಮೂವರೂ ಅದೇ ಕಡತವನ್ನು ಒಂದೇ ದಿನ ತಿದ್ದಿದರೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ಕೂರುತ್ತದೆ. ಆದ್ದರಿಂದ ಕೆಲಸದ ಪ್ರಕಾರ ಏಳೆಂಟು ಲೈಬ್ರರಿ ಮಾಡಿ: ಆಂಪ್ಲಿಫೈಯರ್, ರೆಗ್ಯುಲೇಟರ್, ಟ್ರಾನ್ಸಿಸ್ಟರ್, ಮೈಕ್ರೋಕಂಟ್ರೋಲರ್, ಕನೆಕ್ಟರ್, ಹೀಗೆ. ಎಲ್ಲದರ ಹೆಸರಿನ ಮುಂದೆಯೂ ನಿಮ್ಮ ಗುಂಪಿನ ಎರಡಕ್ಷರ ಇರಲಿ. ಜೊತೆಗೆ ಬಂದ ಲೈಬ್ರರಿಗೂ ನಿಮ್ಮದಕ್ಕೂ ವ್ಯತ್ಯಾಸ ಪಟ್ಟಿಯಲ್ಲೇ ಕಾಣುತ್ತದೆ. ಕಿಕ್ಯಾಡಿನ ಜೊತೆ ಬಂದ ಲೈಬ್ರರಿಯೊಳಗೆ ಏನನ್ನೂ ತಿದ್ದಬೇಡಿ, ಮುಂದಿನ ಆವೃತ್ತಿ ಹಾಕಿಕೊಂಡಾಗ ತಿದ್ದಿದ್ದೆಲ್ಲ ಹೋಗುತ್ತದೆ.

ಫೋಲ್ಡರಿಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ, ಅದನ್ನು ನೀವು ಕೇಳಲಿಲ್ಲ. ಲೈಬ್ರರಿಯಲ್ಲಿ ಇಡುವುದು ಏನನ್ನು? ಸಾಮಾನ್ಯ ‘ರೆಸಿಸ್ಟರ್’ ಒಂದನ್ನು ಇಟ್ಟು ಪ್ರತಿ ಸಲ ಮೌಲ್ಯ, ಅಳತೆ, ಫುಟ್‌ಪ್ರಿಂಟ್ ತುಂಬಿಸುವುದು ಒಂದು ಪದ್ಧತಿ. ಕೊಳ್ಳಬಹುದಾದ ಪ್ರತಿಯೊಂದು ಭಾಗಕ್ಕೂ ಸಿಂಬಲ್, ಫುಟ್‌ಪ್ರಿಂಟ್, ಖರೀದಿ ಸಂಖ್ಯೆ ಎಲ್ಲ ಸೇರಿಸಿ ಒಂದೊಂದು ನಮೂದು ಮಾಡುವುದು ಇನ್ನೊಂದು. ಮೊದಲನೆಯದು ಹಗುರ, ಆದರೆ ತಪ್ಪು ಮಾಡುವ ಅವಕಾಶ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ. ಎರಡನೆಯದರಲ್ಲಿ ಒಮ್ಮೆ ಪರೀಕ್ಷಿಸಿದರೆ ಮುಗಿಯಿತು, ಆದರೆ ರೆಸಿಸ್ಟರಿನ ನೂರಾರು ಮೌಲ್ಯಗಳಿಗೆ ನೂರಾರು ನಮೂದು ಮಾಡುತ್ತಾ ಕೂರಬೇಕು, ಮತ್ತು ಎಲ್ಲೋ ಒಂದು ನಮೂದಿನಲ್ಲಿ ತಪ್ಪಾದರೆ ಆ ತಪ್ಪು ಎಲ್ಲ ಬೋರ್ಡುಗಳಿಗೂ ಹಂಚಿಕೆಯಾಗುತ್ತದೆ. 2023ರಲ್ಲಿ ಬಂದ ಕಿಕ್ಯಾಡ್ 7ರಿಂದ ಈಚೆಗೆ ಡೇಟಾಬೇಸಿನ ಕೋಷ್ಟಕವನ್ನೇ ಲೈಬ್ರರಿಯಾಗಿ ಜೋಡಿಸಬಹುದು. ದೊಡ್ಡ ಗುಂಪುಗಳಿಗೆ ಇದು ವರ. ಮೂವರಿಗೆ? ಡೇಟಾಬೇಸ್ ನೋಡಿಕೊಳ್ಳುವುದೇ ನಾಲ್ಕನೆಯವರ ಕೆಲಸವಾದೀತು.

ನಾನಾದರೆ ಬೆರಕೆ ಮಾಡುತ್ತೇನೆ. ಐಸಿ, ಟ್ರಾನ್ಸಿಸ್ಟರ್, ಡಯೋಡ್, ಕನೆಕ್ಟರ್ ಇವುಗಳಿಗೆ ಪೂರ್ಣ ನಮೂದು. ರೆಸಿಸ್ಟರ್ ಮತ್ತು ಸಣ್ಣ ಕೆಪಾಸಿಟರುಗಳಿಗೆ ಸಾಮಾನ್ಯ ಸಿಂಬಲ್. ಕೆಪಾಸಿಟರಿಗೆ ಮೌಲ್ಯದ ಜೊತೆ ವೋಲ್ಟೇಜ್ ಮತ್ತು ಎಕ್ಸ್7ಆರ್‌ನಂಥ ಒಳವಸ್ತುವಿನ ಬಗೆಯನ್ನೂ ಕಡ್ಡಾಯವಾಗಿ ಬರೆಯಿರಿ. ಮೌಲ್ಯ ಬರೆಯುವ ರೀತಿಯನ್ನು ಇಂದೇ ತೀರ್ಮಾನಿಸಿ. ನಿಮ್ಮಲ್ಲೊಬ್ಬರು 100 ನ್ಯಾನೊ, ಇನ್ನೊಬ್ಬರು 0.1 ಮೈಕ್ರೊ, ಮತ್ತೊಬ್ಬರು ಮೈಮೇಲಿನ ಗುರುತಿನಂತೆ 104 ಎಂದು ಬರೆದರೆ ಖರೀದಿ ಪಟ್ಟಿಯಲ್ಲಿ ಒಂದೇ ಕೆಪಾಸಿಟರ್ ಮೂರು ಸಾಲುಗಳಲ್ಲಿ ಬರುತ್ತದೆ.

ಇಳಿಸಿಕೊಂಡ ಭಾಗಗಳ ಬಗ್ಗೆ ಎರಡು ನಂಬಿಕೆಗಳು ಚಾಲ್ತಿಯಲ್ಲಿವೆ: ತಯಾರಕರ ತಾಣದಿಂದ ಬಂದದ್ದು ಸರಿಯೇ ಇರುತ್ತದೆ, ಹೊರಗಿನವರು ಬರೆದದ್ದೆಲ್ಲ ಕಸ. ಎರಡೂ ಸುಳ್ಳು. ಸ್ನ್ಯಾಪ್‌ಮ್ಯಾಜಿಕ್, ಅಲ್ಟ್ರಾ ಲೈಬ್ರೇರಿಯನ್‌ನಂಥ ತಾಣಗಳಿಂದ ನಾನೂ ಇಳಿಸಿಕೊಳ್ಳುತ್ತೇನೆ, ನೂರು ಕಾಲಿನ ಚಿಪ್ಪನ್ನು ಕೈಯಿಂದ ಬಿಡಿಸುವ ವಯಸ್ಸು ನನ್ನದಲ್ಲ. ಆದರೆ ಅವನ್ನು ಕರಡು ಪ್ರತಿಯಂತೆ ಕಾಣುತ್ತೇನೆ. ಹಲವುಗಳಲ್ಲಿ ಎಲ್ಲ ಕಾಲುಗಳ ಬಗೆಯನ್ನೂ ‘ಪ್ಯಾಸಿವ್’ ಎಂದು ಬಿಟ್ಟಿರುತ್ತಾರೆ. ಹಾಗೆ ಬಿಟ್ಟರೆ ಎರಡು ಔಟ್‌ಪುಟ್‌ಗಳನ್ನು ನೀವು ಒಂದಕ್ಕೊಂದು ಕಟ್ಟಿದರೂ ಕಿಕ್ಯಾಡಿನ ವಿದ್ಯುತ್ ನಿಯಮ ಪರೀಕ್ಷೆ ಚಕಾರ ಎತ್ತುವುದಿಲ್ಲ.

ಪರೀಕ್ಷೆ ಹೀಗೆ. ಸಿಂಬಲ್ ಮಾಡಿದವರು ಸುಮ್ಮನೆ ಕೂರಬೇಕು. ಇನ್ನೊಬ್ಬರು ಡೇಟಾಶೀಟ್ ಹಿಡಿದು ‘ಒಂದು, ಔಟ್‌ಪುಟ್ ಎ, ಎರಡು, ಮೈನಸ್ ಎ’ ಎಂದು ಗಟ್ಟಿಯಾಗಿ ಓದಬೇಕು, ಮೂರನೆಯವರು ಪರದೆಯ ಮೇಲೆ ಗುರುತು ಹಾಕಬೇಕು. ಚಿತ್ರ ಮೇಲಿನಿಂದ ನೋಡಿದ್ದೋ ಕೆಳಗಿನಿಂದ ನೋಡಿದ್ದೋ ಎಂಬ ಸಣ್ಣಕ್ಷರವನ್ನು ಬಿಡಬೇಡಿ, ಕನೆಕ್ಟರುಗಳಲ್ಲಿ ಎಡಬಲ ತಿರುವಾಗುವುದು ಅಲ್ಲೇ. ಬಳಿಕ ಫುಟ್‌ಪ್ರಿಂಟನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಪಕ್ಕದಲ್ಲಿ 50 ಮಿಲಿಮೀಟರಿನ ಗೆರೆಯೊಂದನ್ನೂ ಮುದ್ರಿಸಿ ಅಳತೆಪಟ್ಟಿಯಿಂದ ಅಳೆಯಿರಿ. ಪುಟಕ್ಕೆ ಹೊಂದಿಸಲು ಪ್ರಿಂಟರ್ ಕುಗ್ಗಿಸಿದ್ದರೆ ಗೆರೆಯೇ ಹೇಳುತ್ತದೆ. ಆಮೇಲೆ ನಿಜವಾದ ಐಸಿಯನ್ನು ಕಾಗದದ ಮೇಲಿಟ್ಟು ನೋಡಿ. ಎಲ್ಲ ಸರಿಯಿದ್ದರೆ ಆ ಸಿಂಬಲಿಗೆ ‘ಪರೀಕ್ಷಿತ’ ಎಂಬ ಒಂದು ಫೀಲ್ಡ್ ಸೇರಿಸಿ, ಅದರಲ್ಲಿ ದಿನಾಂಕ ಮತ್ತು ಡೇಟಾಶೀಟಿನ ಆವೃತ್ತಿ ಬರೆಯಿರಿ. ಆ ಫೀಲ್ಡ್ ಖಾಲಿಯಿರುವ ಭಾಗ ಬೋರ್ಡಿಗೆ ಹೋಗಬಾರದು.

ಹಳೆಯ ನಾಲ್ಕು ಲೈಬ್ರರಿಗಳನ್ನು ಅಳಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಅವುಗಳ ಹೆಸರನ್ನೂ ಬದಲಾಯಿಸಬೇಡಿ. ಪ್ರತಿ ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟ್ ಚಿತ್ರದಲ್ಲಿ) ‘ಲೈಬ್ರರಿಯ ಹೆಸರು, ಸಿಂಬಲ್‌ನ ಹೆಸರು’ ಎಂಬ ಜೋಡಿ ಬರೆದಿರುತ್ತದೆ. ‘ಫೈನಲ್2’ ಹೋದರೆ ಆ ಕೊಂಡಿ ಕಳಚುತ್ತದೆ. ಕಿಕ್ಯಾಡ್ 6ರಿಂದ ಈಚೆಗೆ ಸಿಂಬಲ್‌ನ ಒಂದು ನಕಲು ಸ್ಕೀಮ್ಯಾಟಿಕ್ ಕಡತದೊಳಗೇ ಉಳಿಯುವುದರಿಂದ ಹಳೆಯ ಚಿತ್ರ ಸರಿಯಾಗಿಯೇ ತೆರೆದುಕೊಳ್ಳುತ್ತದೆ, ಆದರೆ ಲೈಬ್ರರಿಯಿಂದ ಮತ್ತೆ ಎಳೆದುಕೊಳ್ಳಲು ಆಗುವುದಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ: ಲೈಬ್ರರಿಯಲ್ಲಿ ತಪ್ಪು ತಿದ್ದಿದ ಮಾತ್ರಕ್ಕೆ ಹಳೆಯ ಚಿತ್ರ ಸರಿಯಾಗುವುದಿಲ್ಲ. ಸ್ಕೀಮ್ಯಾಟಿಕ್‌ನಲ್ಲಿ ಸಿಂಬಲುಗಳನ್ನು, ಬೋರ್ಡಿನಲ್ಲಿ ಫುಟ್‌ಪ್ರಿಂಟುಗಳನ್ನು ಲೈಬ್ರರಿಯಿಂದ ನವೀಕರಿಸುವ ಆಜ್ಞೆ ಬೇರೆ ಬೇರೆ ಇದೆ, ಎರಡನ್ನೂ ಕೊಡಬೇಕು. ‘ತಿದ್ದಿದ್ದೆವಲ್ಲ, ಮತ್ತೆ ಹೇಗೆ ಬಂತು’ ಎಂಬ ಜಗಳ ನಿಮ್ಮಲ್ಲಿ ಇನ್ನೂ ಆಗಿಲ್ಲದಿದ್ದರೆ ಮುಂದೆ ಆಗುತ್ತದೆ.

ಆದ್ದರಿಂದ ಆ ನಾಲ್ಕನ್ನೂ ಓದಲು ಮಾತ್ರ ಬರುವಂತೆ ಬೀಗ ಹಾಕಿ ಇದ್ದಲ್ಲೇ ಬಿಡಿ, ಹೊಸ ಲೈಬ್ರರಿಗಳನ್ನು ಪಕ್ಕದಲ್ಲಿ ಖಾಲಿಯಾಗಿಯೇ ಶುರು ಮಾಡಿ. ಹಳೆಯದನ್ನೆಲ್ಲ ಒಂದೇ ಸಲ ಸಾಗಿಸಲು ಹೋಗಬೇಡಿ. ಮುಂದಿನ ಬೋರ್ಡಿಗೆ ಯಾವ ಭಾಗ ಬೇಕೋ ಅದನ್ನು ಪರೀಕ್ಷಿಸಿ ಒಂದೊಂದಾಗಿ ತನ್ನಿ. ಹೊಸ ಲೈಬ್ರರಿಗಳ ಫೋಲ್ಡರನ್ನು ಗಿಟ್ ಎಂಬ, ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶದಲ್ಲಿಡಿ, ಯಾರು ಏನು ಯಾವಾಗ ಬದಲಾಯಿಸಿದರು ಎಂಬುದು ಉಳಿಯುತ್ತದೆ. ಲೈಬ್ರರಿ ಪಟ್ಟಿಯಲ್ಲಿ ಕಡತದ ದಾರಿಯನ್ನು ಬರೆಯುವಾಗ ನಿಮ್ಮ ಕಂಪ್ಯೂಟರಿನ ಪೂರ್ಣ ವಿಳಾಸದ ಬದಲು ಎಲ್ಲರ ಯಂತ್ರದಲ್ಲೂ ನಡೆಯುವ ವೇರಿಯಬಲ್ (ಆಯಾ ಯಂತ್ರದ ವಿಳಾಸವನ್ನು ಸೂಚಿಸುವ ಹೆಸರು) ಬಳಸಿ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಟ್ರಾನ್ಸಿಸ್ಟರ್ ಲೈಬ್ರರಿಯಿಂದ ಶುರು ಮಾಡಿ, ಅದಕ್ಕೆ ಹಾಕುವ ಮೊದಲ ನಮೂದು ಬಿಸಿ547 ಆಗಿರಲಿ. ಕೈಕೊಟ್ಟ ಆ ಬೋರ್ಡಿನಿಂದ ಒಂದನ್ನು ಬಿಚ್ಚಿ ಕಾಗದದ ಮೇಲಿಡಿ, ಚಪ್ಪಟೆ ಮುಖ ನಿಮ್ಮ ಕಡೆಗಿರಲಿ.